ಪರಸ್ಥಳದಲ್ಲಿರುವವನೂ ನೆರೆಯವರ ಹಬ್ಬಗಳೂ

ಹುಟ್ಟಿದ ಊರಿನಲ್ಲಿಯೇ ಬೆಳೆದವನು ತನ್ನ ನೆರೆಯವರ ಹಬ್ಬಗಳನ್ನು ಯಾರಿಂದಲೂ ಕೇಳಿ ಕಲಿಯಬೇಕಾಗಿಲ್ಲ. ಯಾವ ದಿನ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುತ್ತಾರೆ, ಯಾವ ದಿನ ಹುತ್ತಕ್ಕೆ ಹಾಲೆರೆಯುತ್ತಾರೆ, ಯಾವ ರಾತ್ರಿ ಬೀದಿಯಲ್ಲಿ ಡೊಳ್ಳು ಬಾರಿಸುತ್ತಾರೆ ಎಂಬದು ಅವನಿಗೆ ತಾಯಿಯ ಮಾತಿನಂತೆ ತಾನಾಗಿ ತಿಳಿದಿರುವದು. ಎಲ್ಲಿ ನಿಲ್ಲಬೇಕು, ಎಲ್ಲಿ ಮೆಲ್ಲನೆ ಸರಿದುಹೋಗಬೇಕು ಎಂಬದನ್ನೂ ಅವನು ಬಲ್ಲನು. ಆದರೆ ಹೊಟ್ಟೆಪಾಡಿಗಾಗಿಯೋ ನೌಕರಿಗಾಗಿಯೋ ವಿವಾಹದ ನಿಮಿತ್ತವಾಗಿಯೋ ಬೇರೆ ಸ್ಥಳಕ್ಕೆ ಹೋಗಿ ನೆಲಸಿದವನ ಸ್ಥಿತಿಯು ಹೀಗಲ್ಲ. ಒಂದು ಬೆಳಿಗ್ಗೆ ಅಂಗಡಿಗಳೆಲ್ಲಾ ಮುಚ್ಚಿರುತ್ತವೆ, ಮನೆಮನೆಯ ಬಾಗಲಿಗೆ ತೋರಣ ಕಟ್ಟಿರುತ್ತದೆ. ಇದು ಸಂತೋಷದ ದಿನವೋ ದುಃಖದ ದಿನವೋ ಎಂದು ಅವನಿಗೆ ತಿಳಿಯದು.

ಈಗ ನಮ್ಮ ಹಳ್ಳಿಯ ಸಭೆಗಳಿಂದ ಅನೇಕ ಯೌವನಸ್ಥರು ಗೋವೆಗೂ ಪುಣೆಗೂ ಬೆಂಗಳೂರಿಗೂ, ಕೆಲವರು ಕಡಲಾಚೆಯ ಅರಬ್ಬೀ ದೇಶಗಳಿಗೂ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರು ಹೊರಡುವಾಗ ಹಿರಿಯರು ಪ್ರಾರ್ಥನೆ ಮಾಡಿ, "ಅಲ್ಲಿಯವರ ಹಬ್ಬಹುಣ್ಣಿವೆಗಳ ಗೊಡವೆ ನಿನಗೆ ಬೇಡ, ನೋಡಲೂ ಬೇಡ, ಕೇಳಲೂ ಬೇಡ" ಎಂದು ಬುದ್ಧಿ ಹೇಳಿ ಕಳುಹಿಸುವದುಂಟು. ಈ ಮಾತು ಪ್ರೀತಿಯಿಂದಲೂ ಭಯದಿಂದಲೂ ಹುಟ್ಟಿದ್ದು. ಹಿಂದಿನವರು ಬಹು ಕಷ್ಟಪಟ್ಟು ಬಿಟ್ಟುಬಂದದ್ದಕ್ಕೆ ಮಕ್ಕಳು ತಿರಿಗಿ ಕೈಚಾಚಬಾರದೆಂಬದೇ ಆ ಭಯ. ಅದನ್ನು ನಾವು ಹಗುರವಾಗಿ ಎಣಿಸಲಾರೆವು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನೆರೆಯವನ ಹಬ್ಬವನ್ನು ತಿಳಿಯದೆ ಇರುವದರಿಂದ ನಮ್ಮ ನಂಬಿಕೆಯು ಕಾಪಾಡಲ್ಪಡುವದೋ? ಅಥವಾ ತಿಳಿದುಕೊಳ್ಳುವದೇ ಕ್ರೈಸ್ತನಿಗೆ ಒಂದು ಕರ್ತವ್ಯವೋ? ಈ ವಿಷಯವನ್ನು ಓದುಗರು ನಮ್ಮ ಸಂಗಡ ಕೊಂಚ ಸಾವಧಾನವಾಗಿ ಆಲೋಚಿಸಬೇಕೆಂದು ಬೇಡುತ್ತೇವೆ.

ಪರಸ್ಥಳವೆಂದರೆ ಸಮುದ್ರ ದಾಟಿದ ದೇಶವೇ ಆಗಬೇಕೆಂದಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಪಡುವಣ ಅಂಚಿನಲ್ಲಿ, ಸಹ್ಯಾದ್ರಿಯ ಕಾಡಿನೊಳಗೆ, ಕಣಕುಂಬಿ ಎಂಬ ಚಿಕ್ಕ ಊರಿದೆ. ಬೈಲಹೊಂಗಲದ ಎರೆಮಣ್ಣಿನ ಸೀಮೆಯಲ್ಲಿ ಬೆಳೆದ ಒಬ್ಬ ಕ್ರೈಸ್ತ ಉಪಾಧ್ಯಾಯನು ಅಲ್ಲಿಯ ಶಾಲೆಗೆ ವರ್ಗವಾಗಿ ಹೋದನೆಂದು ಎಣಿಸೋಣ. ಜಿಲ್ಲೆಯೇನೋ ಒಂದೇ. ಆದರೆ ಅಲ್ಲಿ ಮನೆಯೊಳಗಿನ ಮಾತು ಹೆಚ್ಚಾಗಿ ಮರಾಠಿ ಇಲ್ಲವೆ ಕೊಂಕಣಿ. ಜೋಳದ ಹೊಲಗಳಿಲ್ಲ, ಭತ್ತದ ಗದ್ದೆಗಳು. ಮುಂಗಾರಿನಲ್ಲಿ ಹಗಲಿರುಳು ಬಿಡದೆ ಸುರಿಯುವ ಮಳೆ. ತನ್ನ ಊರಿನಲ್ಲಿ ಕಾರ ಹುಣ್ಣಿವೆಗೆ ಕಂಡ ಸಂಭ್ರಮವನ್ನು ಇಲ್ಲಿ ಅವನು ಚೌತಿಯಲ್ಲಿಯೂ ಶಿಮಗೆಯಲ್ಲಿಯೂ ಕಾಣುವನು.

ಆ ಊರಿನಲ್ಲಿ ಮಾವುಲಿಯ ಗುಡಿಯ ಬಳಿಯಲ್ಲಿ ಮಲಪ್ರಭಾ ನದಿಯು ಹುಟ್ಟುತ್ತದೆ. ಜನರು ಬಂದು ಅಲ್ಲಿಯ ತೀರ್ಥದಲ್ಲಿ ಸ್ನಾನ ಮಾಡುತ್ತಾರೆ. ಹೊಸಬನು ವಿಚಾರಿಸದೆ ಹೋದರೆ ಮಾವುಲಿ ಎಂಬದು ಅವನಿಗೆ ಬರಿಯ ಒಂದು ಮೂರ್ತಿಯ ಹೆಸರು. ವಿಚಾರಿಸಿದರೆ, ಆ ಮಾತಿಗೆ ಮರಾಠಿಯಲ್ಲಿ ತಾಯಿ ಎಂಬ ಅರ್ಥವಿದೆಯೆಂದು ತಿಳಿಯುವದು. ಇದೇ ನೀರು ಸುಮಾರು ೩೦೪ ಕಿಲೋಮೀಟರು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ದಾರಿಯಲ್ಲಿ ಆ ಉಪಾಧ್ಯಾಯನ ಸ್ವಂತ ಸೀಮೆಯನ್ನೂ ಹಾದುಹೋಗುತ್ತದೆ. ಬೇಸಗೆಯಲ್ಲಿ ಬಾವಿ ಬತ್ತಿದ್ದನ್ನು ಕಂಡ ರೈತನ ಮಗನಿಗೆ, ನೀರು ಹುಟ್ಟುವ ಸ್ಥಳದಲ್ಲಿ ಜನರು ತಾಯಿಯ ಹೆಸರನ್ನು ಯಾಕೆ ಹೇಳಿದರೆಂಬದು ತಿಳಿಯದೆ ಇರದು. ನಾವು ನೀರನ್ನಲ್ಲ, ನೀರನ್ನು ಉಂಟುಮಾಡಿದಾತನನ್ನು ಆರಾಧಿಸುತ್ತೇವೆ. ಆದರೆ ಆ ಭೇದವನ್ನು ನೆರೆಯವನಿಗೆ ತಕ್ಕಂತೆ ಹೇಳಬೇಕಾದರೂ, ಮೊದಲು ಅವನ ಕೃತಜ್ಞತೆಯನ್ನು ನಾವು ಗುರುತಿಸಿರಬೇಕಲ್ಲವೇ?

ಕಣಕುಂಬಿಯಿಂದ ಮುಂದಕ್ಕೆ ಚೋರ್ಲಾ ಘಟ್ಟವನ್ನು ಇಳಿದರೆ ಗೋವೆಯ ಸತ್ತರಿ ತಾಲೂಕು. ೧೯೬೧ನೇ ಡಿಸೆಂಬರ್ ೧೯ರ ವರೆಗೆ ಗೋವೆಯು ಪೋರ್ತುಗೀಸರ ಅಧೀನದಲ್ಲಿತ್ತು. ಆದಕಾರಣ ಆ ದಿನಗಳಲ್ಲಿ ಘಟ್ಟ ಇಳಿದ ಕೂಲಿಯವನು ನಿಜವಾಗಿಯೂ ಪರರಾಜ್ಯದಲ್ಲಿರುತ್ತಿದ್ದನು. ಈಗ ಗಡಿಯ ಕಾವಲು ಇಲ್ಲದಿದ್ದರೂ ಹಬ್ಬಗಳ ಮಟ್ಟಿಗೆ ಅದು ಹೊಸ ಲೋಕವೇ. ಚೌತಿಯ ದಿನ ಹಿಂದೂ ಮನೆಗಳಲ್ಲಿ ಗಣಪತಿಯ ಮೇಲ್ಗಡೆ ಮಾಟೊಳಿ ಎಂಬ ಮರದ ಚೌಕಟ್ಟನ್ನು ಕಟ್ಟಿ, ತೋಟದ ಹಣ್ಣುಕಾಯಿಗಳನ್ನೂ ಅಡಿಕೆ ಗೊನೆಯನ್ನೂ ಕಾಡಿನ ಬಳ್ಳಿಕಾಯಿಗಳನ್ನೂ ತೂಗಹಾಕುತ್ತಾರೆ. ಡಿಸೆಂಬರ್ ೩ರಂದು ಹಳೆ ಗೋವೆಯಲ್ಲಿ ರೋಮನ್ ಕಥೋಲಿಕರು ಫ್ರಾನ್ಸಿಸ್ ಝೇವಿಯರನ ಹಬ್ಬವನ್ನು ಆಚರಿಸುತ್ತಾರೆ. ಸುಮಾರು ಹತ್ತು ವರುಷಗಳಿಗೊಮ್ಮೆ ಅವನ ಶರೀರವನ್ನು ಜನರು ನೋಡುವಂತೆ ಇಳಿಸುವ ರೂಢಿಯುಂಟು. ೨೦೨೪ನೇ ನವೆಂಬರ್ ೨೧ರಿಂದ ೨೦೨೫ನೇ ಜನವರಿ ೫ರ ವರೆಗೆ ಹಾಗೆ ಮಾಡಿದರು. ನಮ್ಮ ಸಭೆಯವನು ಅಲ್ಲಿ ಎರಡು ವಿಧದಲ್ಲಿ ಹೊಸಬನು. ಒಂದು ಹಬ್ಬದಲ್ಲಿ ಅವನ ಕರ್ತನ ಹೆಸರೇ ಇಲ್ಲ. ಇನ್ನೊಂದರಲ್ಲಿ ಹೆಸರಿದ್ದರೂ ಆಚಾರವು ಅವನದಲ್ಲ.

ಇದೇ ಗೋವೆಯ ಚರಿತ್ರೆಯಿಂದ ನಾವು ಒಂದು ಪಾಠವನ್ನು ಕಲಿಯಬಹುದು. ೧೫೧೦ರಲ್ಲಿ ಗೋವೆಯನ್ನು ಹಿಡಿದಾಗ ಪೋರ್ತುಗೀಸರು ಆ ನಾಡಿಗೆ ಹೊಸಬರು. ಮುಂದೆ ಅವರು ತಮ್ಮ ಸೀಮೆಯಲ್ಲಿ ಹಿಂದೂಗಳ ಬಹಿರಂಗವಾದ ಉತ್ಸವಗಳನ್ನು ನಿಷೇಧಿಸಿದರು. ಭಕ್ತರು ತಮ್ಮ ದೇವರುಗಳನ್ನು ಹೊತ್ತುಕೊಂಡು ಹೊಳೆಗಳಾಚೆಗೆ ಹೋದರು. ಈಗ ಪ್ರಿಯೋಳದಲ್ಲಿರುವ ಮಂಗೇಶನ ದೇವಸ್ಥಾನವು ೧೫೬೦ರಲ್ಲಿ ಹಾಗೆ ಸ್ಥಳ ಬಿಟ್ಟು ಬಂದದ್ದು. ಅದೇ ೧೫೬೦ರಲ್ಲಿ ಗೋವೆಯಲ್ಲಿ ಮತವಿಚಾರಣೆಯ ನ್ಯಾಯಸ್ಥಾನವು ಸ್ಥಾಪಿತವಾಯಿತು. ೧೭೩೬ರಲ್ಲಿ ಅದು ಹೊರಡಿಸಿದ ಒಂದು ಆಜ್ಞೆಯಲ್ಲಿ, ಕ್ರೈಸ್ತರಾದ ಸ್ಥಳೀಕರು ಹಿಂದೂಗಳ ರೀತಿಯಲ್ಲಿ ಉಪ್ಪಿಲ್ಲದೆ ಅನ್ನ ಬೇಯಿಸಬಾರದು, ತುಳಸಿಯ ಗಿಡವನ್ನು ಬೆಳಸಬಾರದು ಎಂಬ ವರೆಗೂ ಬರೆಯಲ್ಪಟ್ಟಿತ್ತು. ೧೮೧೨ರಲ್ಲಿ ಆ ನ್ಯಾಯಸ್ಥಾನವು ಮುಚ್ಚಿಹೋಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಅಧಿಕಾರಿಗಳು ನೆರೆಯವರ ಆಚಾರಗಳನ್ನು ಅರಿಯದವರಾಗಿರಲಿಲ್ಲ. ಅನ್ನಕ್ಕೆ ಉಪ್ಪು ಹಾಕಿದ್ದಾರೋ ಇಲ್ಲವೋ ಎಂಬಷ್ಟು ಸೂಕ್ಷ್ಮವಾಗಿ ಅರಿತಿದ್ದರು. ಆದರೆ ಅವರು ಅರಿತದ್ದು ಹಿಡಿದು ಶಿಕ್ಷಿಸುವದಕ್ಕೆ. ಆದಕಾರಣ ತಿಳಿಯುವದು ಒಳ್ಳೆಯದೆಂದು ಬರಿದೇ ಹೇಳಿದರೆ ಸಾಲದು. ಬೇಹುಗಾರನೂ ತಿಳಿದುಕೊಳ್ಳುತ್ತಾನೆ, ನೆರೆಯವನೂ ತಿಳಿದುಕೊಳ್ಳುತ್ತಾನೆ. ಇವರಿಬ್ಬರ ತಿಳುವಳಿಕೆಯು ಒಂದೇ ಅಲ್ಲ. ಪ್ರಾಟೆಸ್ಟಂಟರಾದ ನಾವೂ ಈ ವಿಷಯದಲ್ಲಿ ಹೆಮ್ಮೆಪಡಲಾರೆವು. ನೆರೆಯವರ ಹಬ್ಬಗಳನ್ನು ಹಾಸ್ಯಮಾಡುವದಕ್ಕಾಗಿಯೇ ಅವುಗಳ ಸಂಗತಿಗಳನ್ನು ಕೂಡಿಸಿ ಅಚ್ಚುಹಾಕಿದ ಚಿಕ್ಕ ಪುಸ್ತಕಗಳು ನಮ್ಮ ಮಿಶನ್ನುಗಳ ಮುದ್ರಾಶಾಲೆಗಳಿಂದಲೂ ಹೊರಟವು.

ಹೀಗಿದ್ದರೂ ಬೇರೆ ತರದ ಮಾದರಿಯೂ ನಮ್ಮಲ್ಲುಂಟು. ೧೮೩೨ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಂಡ್ ಕಿಟ್ಟೆಲ್ ಎಂಬವರು ೧೮೫೩ರಲ್ಲಿ ಬಾಸೆಲ್ ಮಿಶನ್ನಿನವರಾಗಿ ಕನ್ನಡ ನಾಡಿಗೆ ಬಂದರು. ಅವರಿಗೆ ಇಲ್ಲಿಯ ಮಾತು, ಊಟ, ಹಬ್ಬ, ಗಾದೆ ಎಲ್ಲವೂ ಹೊಸದು. ಅವರು ವರುಷಗಟ್ಟಳೆ ಕೇಳುತ್ತಾ ಬರೆಯುತ್ತಾ ಇದ್ದು, ೧೮೯೪ರಲ್ಲಿ ಮಂಗಳೂರಿನಲ್ಲಿ ಸುಮಾರು ೭೦,೦೦೦ ಶಬ್ದಗಳುಳ್ಳ ನಿಘಂಟನ್ನು ಹೊರಡಿಸಿದರು. ಸುವಾರ್ತೆಯನ್ನು ಸಾರುವದಕ್ಕೆ ಬಂದವರು ಅದನ್ನು ಮರೆತರೆಂದು ಯಾರೂ ಹೇಳಲಾರರು; ಆದರೂ ಅವರು ತಿಳಿದುಕೊಂಡದ್ದು ಕ್ರೈಸ್ತರಲ್ಲದ ಕನ್ನಡಿಗರಿಗೂ ಇಂದಿನ ವರೆಗೆ ಉಪಯೋಗವಾಗಿದೆ. ನೆರೆಯವನ ವಿಷಯವಾಗಿ ನಾವು ಕಲಿತದ್ದನ್ನು ನೆರೆಯವನೇ ಓದಿ, ಇದು ಸರಿ ಎಂದು ಒಪ್ಪಿದರೆ, ಆ ಕಲಿಕೆಯು ಪ್ರೀತಿಯಿಂದಾದದ್ದೆಂದು ತಿಳಿಯಬಹುದು.

ಇನ್ನು ದೇವರ ವಾಕ್ಯದಿಂದ ಬರುವ ಆಕ್ಷೇಪವನ್ನು ನೋಡೋಣ. ಧರ್ಮೋಪದೇಶಕಾಂಡದ ಹನ್ನೆರಡನೆಯ ಅಧ್ಯಾಯದಲ್ಲಿ, ಕಾನಾನಿನ ಜನಾಂಗಗಳು ತಮ್ಮ ದೇವರುಗಳನ್ನು ಹೇಗೆ ಸೇವಿಸಿದವೆಂದು ವಿಚಾರಿಸಬಾರದೆಂದು ಇಸ್ರಾಯೇಲ್ಯರಿಗೆ ಎಚ್ಚರಿಕೆಯುಂಟು. ಹಿರಿಯರ ಬುದ್ಧಿಮಾತಿಗೆ ಇದು ಆಧಾರವೆಂದು ಕೆಲವರು ಹೇಳುವರು. ಆದರೆ ಆ ವಚನವನ್ನು ಕಡೆಯ ವರೆಗೆ ಓದಿದರೆ, ಅಲ್ಲಿ ಬೇಡವೆಂದದ್ದು ತಾನೂ ಹಾಗೆಯೇ ಮಾಡಬೇಕೆಂಬ ಮನಸ್ಸಿನಿಂದ ವಿಚಾರಿಸುವದನ್ನೇ ಎಂದು ತಿಳಿಯುವದು. ಬಾಬೆಲಿಗೆ ಸೆರೆಯಾಗಿ ಹೋದ ದಾನಿಯೇಲನು ಕಸ್ದೀಯರ ಭಾಷೆಯನ್ನೂ ವಿದ್ಯೆಯನ್ನೂ ಕಲಿತನು. ಆದರೂ ಅರಸನ ಭೋಜನದಿಂದ ತನ್ನನ್ನು ಅಶುದ್ಧಮಾಡಿಕೊಳ್ಳಲಿಲ್ಲ. ಅಥೇನೆಗೆ ಹೊಸಬನಾಗಿ ಹೋದ ಪೌಲನು ಆ ಪಟ್ಟಣದ ಪೂಜಾಸ್ಥಾನಗಳನ್ನು ನಡೆದಾಡಿ ನೋಡಿದನು, ಬಲಿಪೀಠದ ಮೇಲಿನ ಬರಹವನ್ನು ಓದಿದನು. ಅಲ್ಲಿಂದಲೇ ತನ್ನ ಮಾತನ್ನು ಆರಂಭಿಸಿದನು. ಕಣ್ಣು ಮುಚ್ಚಿಕೊಂಡು ಬೀದಿ ದಾಟಿದ್ದರೆ ಅವನಿಗೆ ಆ ಮಾತು ಸಿಕ್ಕುತ್ತಿತ್ತೇ?

ಹತ್ತು ಆಜ್ಞೆಗಳಲ್ಲಿ ಒಂಭತ್ತನೆಯದು ಈ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ನೆರೆಯವನ ಮೇಲೆ ಸುಳ್ಳು ಹೇಳಬಾರದೆಂಬದನ್ನು ನಾವು ಕಚೇರಿಯ ಸಾಕ್ಷಿಕಟ್ಟೆಗೆ ಮಾತ್ರ ಸಂಬಂಧಿಸಿದ್ದೆಂದು ಎಣಿಸುತ್ತೇವೆ. ಆದರೆ ಒಬ್ಬನ ಹಬ್ಬದ ಅರ್ಥವೇನೆಂದು ಅವನನ್ನು ಒಂದು ಸಾರಿಯೂ ಕೇಳದೆ, ಅದು ಇಂಥದ್ದೇ ಎಂದು ಹೇಳಿಕೊಂಡು ತಿರುಗುವವನು ಯಾವ ಸಾಕ್ಷಿಯನ್ನು ಹೇಳುತ್ತಿದ್ದಾನೆ? ತಾನು ಹೇಳಿದ್ದು ಸುಳ್ಳೆಂದು ಅವನಿಗೇ ತಿಳಿದಿರಲಿಕ್ಕಿಲ್ಲ. ಆದರೂ ತಿಳಿದುಕೊಳ್ಳುವ ದಾರಿ ತೆರೆದಿರುವಾಗ ತಿಳಿಯದೆ ನುಡಿದದ್ದಕ್ಕೆ ಅವನು ನಿರ್ದೋಷಿಯಾಗನು.

ಮಲಪ್ರಭೆಯ ದಂಡೆಯ ಸೀಮೆಯಿಂದಲೇ ಒಂದು ದೃಷ್ಟಾಂತವನ್ನು ಕೊಡುವೆವು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿವೆಯಲ್ಲಿಯೂ ಭಾರತ ಹುಣ್ಣಿವೆಯಲ್ಲಿಯೂ ಲಕ್ಷಗಟ್ಟಳೆ ಜನರು ಹೋಗುವರು. ದೂರದಿಂದ ಬಂದವನು ಈ ಜಾತ್ರೆಯ ವಿಷಯವಾಗಿ ಕೇಳಿದ್ದು ಹೆಚ್ಚಾಗಿ ಒಂದೇ ಸಂಗತಿ. ಅದು ಹೆಣ್ಣುಮಕ್ಕಳನ್ನು ದೇವಿಗೆ ಬಿಡುವ ಕೆಟ್ಟ ಪದ್ಧತಿ. ಆ ಪದ್ಧತಿ ಇದ್ದದ್ದು ಸತ್ಯ, ಅದರಿಂದ ಬಡವರ ಅನೇಕ ಮಕ್ಕಳ ಬಾಳು ಹಾಳಾದದ್ದೂ ಸತ್ಯ. ಬೆಳಗಾವಿಯು ಮುಂಬಯಿ ಇಲಾಖೆಗೆ ಸೇರಿದ್ದಾಗ ೧೯೩೪ರಲ್ಲಿಯೂ, ತರುವಾಯ ಕರ್ನಾಟಕದಲ್ಲಿ ೧೯೮೨ರಲ್ಲಿಯೂ ಅದಕ್ಕೆ ವಿರೋಧವಾಗಿ ಕಾನೂನುಗಳಾದವು. ಆದರೆ ಹತ್ತಿರದಿಂದ ವಿಚಾರಿಸಿದವನು ಇನ್ನೂ ಕೆಲವನ್ನು ಕಾಣುವನು. ಚಕ್ಕಡಿ ಕಟ್ಟಿಕೊಂಡು ಬಂದ ಒಕ್ಕಲುಮಕ್ಕಳು ಗುಡ್ಡದಲ್ಲಿ ಒಲೆ ಹೂಡಿ ಹೋಳಿಗೆ ಕಡಬು ಮಾಡಿ, ಪಡಲಗಿ ತುಂಬಿ, ಬಂಧುಗಳನ್ನು ಕರೆದು ಉಣ್ಣುತ್ತಾರೆ. ಮಗುವಿನ ರೋಗ ವಾಸಿಯಾದದ್ದಕ್ಕೆ ಹರಕೆ ತೀರಿಸುವ ತಾಯಂದಿರೂ ಅಲ್ಲಿರುತ್ತಾರೆ. ಇದನ್ನು ಅರಿತವನು ಕೆಟ್ಟದ್ದನ್ನು ಕೆಟ್ಟದ್ದೆಂದು ಇನ್ನೂ ದೃಢವಾಗಿ ಹೇಳಬಲ್ಲನು, ಯಾಕಂದರೆ ಅವನು ಆ ತಾಯಿಯನ್ನೂ ಆ ಕೆಟ್ಟತನವನ್ನೂ ಒಂದೇ ಮೂಟೆಯಲ್ಲಿ ಕಟ್ಟುವದಿಲ್ಲ. ಅರಿಯದವನ ಖಂಡನೆಯನ್ನು ಯಾರೂ ಕಿವಿಗೊಟ್ಟು ಕೇಳರು.

ದುಃಖದ ದಿನವನ್ನು ಹಬ್ಬವೆಂದು ತಿಳಿಯುವದೂ ಹೊಸಬನಿಗೆ ಸಹಜ. ನಮ್ಮ ಉತ್ತರ ಸೀಮೆಯ ಹಳ್ಳಿಗಳಲ್ಲಿ ಮೊಹರಮ್ಮಿನ ಕಾಲಕ್ಕೆ ಬೆಂಕಿಯ ಕುಣಿಯ ಸುತ್ತ ಕುಣಿಯುವದನ್ನೂ ಹುಲಿಯ ವೇಷವನ್ನೂ ನೋಡಿ, ಅವನು ತನ್ನ ಮುಸಲ್ಮಾನ ನೆರೆಯವನಿಗೆ ಸಂತೋಷದ ಮಾತು ಹೇಳಿಬಿಡಬಹುದು. ಕ್ರಿಸ್ತ ಶಕ ೬೮೦ರಲ್ಲಿ ಕರ್ಬಲಾದಲ್ಲಿ ಹುಸೇನರು ತಮ್ಮವರೊಂದಿಗೆ ಬಾಯಾರಿ ಮಡಿದದ್ದಕ್ಕಾಗಿ ಅಳುವ ದಿನವದು. ಹಳ್ಳಿಯ ರಿವಾಯತ್ ಹಾಡುಗಳ ಕಥೆಯೂ ಅದೇ. ಇದೇ ರೀತಿಯಲ್ಲಿ ನಮ್ಮ ಕರ್ತನ ಮರಣದ ಶುಕ್ರವಾರದಂದು ನೆರೆಯವರು ಕೆಲವರು ನಗುತ್ತಾ ಬಂದು ಶುಭವನ್ನು ಹಾರೈಸುವದುಂಟು. ಅದರಿಂದ ನಮಗೆ ಕೋಪ ಬರಬಾರದು, ಆದರೆ ಯಾರಾದರೂ ಆ ದಿನ ಮೆಲ್ಲನೆ ಬಂದು, "ಇಂದು ನಿಮಗೆ ಏನು ದಿನ?" ಎಂದು ಕೇಳಿದರೆ ನಮ್ಮ ಹೃದಯಕ್ಕೆ ಎಷ್ಟು ಸಮಾಧಾನವಾಗುತ್ತದೆ! ಇತರರಿಂದ ನಾವು ಬಯಸುವದನ್ನೇ ಇತರರಿಗೆ ಮಾಡಬೇಕೆಂದು ಕರ್ತನು ಕಲಿಸಿದ್ದು ಇಲ್ಲಿಯೂ ಸಲ್ಲುವದು.

ಕಡಲಾಚೆಗೆ ಹೋದವರಿಗೆ ಇದು ದಿನಬಳಕೆಯ ಪ್ರಶ್ನೆ. ಕುವೈತಿನಲ್ಲಿ ರಮ್‌ಜಾನ್ ತಿಂಗಳ ಹಗಲಿನಲ್ಲಿ ಬಹಿರಂಗವಾಗಿ ಉಣ್ಣುವದು ಕಾನೂನಿನ ಪ್ರಕಾರ ಅಪರಾಧ. ಆ ಉಪವಾಸದ ಅರ್ಥವನ್ನು ತಿಳಿದವನು ಶಿಕ್ಷೆಗೆ ಅಂಜಿ ಅಲ್ಲ, ಹಸಿದವನ ಮುಂದೆ ಉಣ್ಣಬಾರದೆಂದು ತಾನಾಗಿ ಒಳಗೆ ಕೂತು ಉಣ್ಣುವನು. ನಮ್ಮ ಕರಾವಳಿಯಿಂದ ಅನೇಕರು ಇಸ್ರಾಯೇಲ್ ದೇಶಕ್ಕೆ ಹೋಗಿ ವೃದ್ಧರ ಆರೈಕೆ ಮಾಡುತ್ತಾರೆ. ಅಲ್ಲಿ ಆಚಾರವಂತರಾದ ಯೆಹೂದ್ಯರ ಮನೆಯಲ್ಲಿ ಪಸ್ಕದ ದಿನಗಳಲ್ಲಿ ಹುಳಿಹಿಟ್ಟಿನ ಒಂದು ಚೂರೂ ಇರಕೂಡದು. ಚಿಕ್ಕಂದಿನಲ್ಲಿ ವಿಮೋಚನಕಾಂಡವನ್ನು ಓದಿದ ಹುಡುಗಿಯು ಅದೇ ಕಥೆಯು ತಾನು ಗುಡಿಸಿ ತೊಳೆಯುವ ಅಡಿಗೆಮನೆಯಲ್ಲಿ ನಡೆಯುವದನ್ನು ಕಾಣುವಳು. ಆ ಮನೆಯ ಅಜ್ಜಿಯನ್ನು ಅವಳು ಕೇಳದೆ ಹೋದರೆ ಅವಳಿಗೇ ನಷ್ಟ.

ಹಾಗಾದರೆ ಎಲ್ಲಿ ನಿಲ್ಲಬೇಕು? ತಿಳಿಯುವದು ಒಂದು, ನೆರೆಯವನ ಸಂತೋಷದಲ್ಲಿ ಕೂಡಿರುವದು ಇನ್ನೊಂದು, ಆರಾಧಿಸುವದು ಮತ್ತೊಂದು. ಮೊದಲನೆಯದಕ್ಕೆ ಮಿತಿಯಿಲ್ಲ. ಮೂರನೆಯದು ಒಬ್ಬನೇ ದೇವರಿಗೆ ಸಲ್ಲತಕ್ಕದ್ದು; ಅದರಲ್ಲಿ ಸಂದೇಹವಿಲ್ಲ. ಕಷ್ಟವಿರುವದು ನಡುವಿನದರಲ್ಲಿ. ಕಾರ ಹುಣ್ಣಿವೆಯಂದು ನಮ್ಮ ರೈತನು ತನ್ನ ಎತ್ತುಗಳ ಮೈ ತೊಳೆದು ನೊಗದಿಂದ ಬಿಡಿಸಿ ಹಸಿ ಹುಲ್ಲು ಹಾಕಿದರೆ ಪಾಪವೇ? ನಮಗೆ ಹಾಗೆ ತೋರುವದಿಲ್ಲ. ಎತ್ತಿಗೂ ವಿಶ್ರಾಂತಿ ಬೇಕೆಂದು ಮೋಶೆಯ ಧರ್ಮಶಾಸ್ತ್ರವೇ ಹೇಳಿದೆ. ಜಾತ್ರೆಯ ವರ್ಗಣಿಯನ್ನು ಕೊಡಬೇಕೇ? ಪೂಜೆಗೆಂದು ಕೇಳಿದರೆ ಕೈಮುಗಿದು ಬೇಡವೆನ್ನಬಹುದು. ಬಂದವರಿಗೆ ನೀರು ನೆರಳು ಒದಗಿಸುವದಕ್ಕೆಂದು ಕೇಳಿದರೆ ಎರಡು ಪಾಲು ಕೊಡಬಹುದು. ವಿಗ್ರಹಕ್ಕೆ ಅರ್ಪಿಸಿದ ಪದಾರ್ಥದ ವಿಷಯವಾಗಿ ಪೌಲನು ಕೊರಿಂಥದವರಿಗೆ ಒಂದೇ ಸಾಲಿನ ಉತ್ತರವನ್ನು ಬರೆಯಲಿಲ್ಲ. ತಿನ್ನುವವನ ಮನಸ್ಸಾಕ್ಷಿಯನ್ನಲ್ಲದೆ ನೋಡುವ ಬಲಹೀನ ಸಹೋದರನ ಮನಸ್ಸಾಕ್ಷಿಯನ್ನೂ ನೋಡಬೇಕೆಂದನು. ಹಿಂದಿನ ದಿನವಷ್ಟೇ ದೀಕ್ಷಾಸ್ನಾನ ಹೊಂದಿದವನು ಪಕ್ಕದಲ್ಲಿದ್ದರೆ, ನಮಗೆ ಹಗುರವಾದದ್ದು ಅವನಿಗೆ ಭಾರವಾದೀತು.

ಯಜಮಾನನ ಮನೆಯಲ್ಲಿ ಕೆಲಸಕ್ಕಿರುವವರಿಗೆ ಇನ್ನೂ ಹೆಚ್ಚಿನ ಇಕ್ಕಟ್ಟುಂಟು. ಅರಾಮ್ಯನಾದ ನಾಮಾನನು ತನ್ನ ಅರಸನು ರಿಮ್ಮೋನನ ಗುಡಿಯಲ್ಲಿ ತನ್ನ ಕೈಯನ್ನು ಊರಿಕೊಂಡು ಬಾಗುವಾಗ ತಾನೂ ಬಾಗಬೇಕಾಗುವದೆಂದು ಎಲೀಷನ ಮುಂದೆ ಹೇಳಿಕೊಂಡನು. ಪ್ರವಾದಿಯು ಅವನನ್ನು ಗದರಿಸಲಿಲ್ಲ, ಸಮಾಧಾನದಿಂದ ಕಳುಹಿಸಿಕೊಟ್ಟನು. ಇದನ್ನು ನೆವಮಾಡಿಕೊಂಡು ಎಲ್ಲಾ ಕಡೆಯಲ್ಲಿಯೂ ಬಾಗಬಹುದೆಂದು ನಾವು ಹೇಳುವದಿಲ್ಲ. ಆದರೆ ಮನೆಯೊಡತಿಯ ದೇವರಕೋಣೆಯನ್ನು ಗುಡಿಸುವ ಬಡ ಸಹೋದರಿಯ ಮೇಲೆ, ತನ್ನ ಸ್ವಂತ ಹೊಲದ ನಡುವೆ ಕೂತವನು ಬೇಗನೆ ತೀರ್ಪು ಹೇಳಬಾರದು.

ತಿಳಿದುಕೊಳ್ಳುವ ರೀತಿಯ ವಿಷಯವಾಗಿ ಎರಡು ಮಾತು. ಹಬ್ಬವನ್ನು ಆಚರಿಸುವವನನ್ನೇ ಕೇಳಬೇಕು, ಅವನ ವೈರಿಯನ್ನಲ್ಲ. ಮೆರವಣಿಗೆಯ ಗದ್ದಲದಲ್ಲಿ ಕೇಳದೆ, ಹಿಟ್ಟು ಬೀಸುವಾಗ, ಅಂಗಳ ಸಾರಿಸುವಾಗ ಕೇಳಿದರೆ ವೃದ್ಧರೂ ಹೆಣ್ಣುಮಕ್ಕಳೂ ತಾಳ್ಮೆಯಿಂದ ಹೇಳುವರು. ಕೇಳಿದ್ದನ್ನು ವಾದಕ್ಕೆ ಆಯುಧಮಾಡಿಕೊಳ್ಳಬಾರದು. ನಾವು ಎಲ್ಲಿಯ ವರೆಗೆ ಬರಬಲ್ಲೆವು, ಎಲ್ಲಿ ನಿಲ್ಲುವೆವು ಎಂಬದನ್ನು ಮುಂಚಿತವಾಗಿಯೇ ಸ್ನೇಹದಿಂದ ತಿಳಿಸಿದರೆ, ಆ ದಿನ ಯಾರಿಗೂ ಅವಮಾನವಾಗದು. ನಮ್ಮ ಕ್ರಿಸ್ಮಸಿಗೂ ಬೆಳೆಯ ಸ್ತೋತ್ರಾರಾಧನೆಗೂ ಅವರನ್ನು ಕರೆದು, ಅವರು ಕೇಳಿದ್ದಕ್ಕೆ ಅದೇ ತಾಳ್ಮೆಯಿಂದ ಉತ್ತರ ಕೊಡತಕ್ಕದ್ದು.

ಆದಕಾರಣ, ಮಕ್ಕಳನ್ನು ಪರಸ್ಥಳಕ್ಕೆ ಕಳುಹಿಸುವ ತಂದೆತಾಯಿಗಳೇ, ಸಭೆಯ ಹಿರಿಯರೇ, ಆ ಬುದ್ಧಿಮಾತನ್ನು ಸ್ವಲ್ಪ ಬದಲಾಯಿಸಿ ಹೇಳಿರೆಂದು ನಾವು ವಿನಯದಿಂದ ಕೇಳಿಕೊಳ್ಳುತ್ತೇವೆ. ಯಾರಿಗೆ ಅಡ್ಡಬೀಳಬೇಕೆಂಬದನ್ನು ಅವರು ಮರೆಯದಿರಲಿ. ಆದರೆ ಕಣ್ಣು ತೆರೆದು ನಡೆಯಲಿ, ಕೇಳಲಿ, ನೆರೆಯವರ ವಿಷಯವಾಗಿ ಸತ್ಯವನ್ನೇ ನುಡಿಯಲಿ. ಕೇಳಿದ ಮಾತ್ರಕ್ಕೆ ಕದಲುವ ನಂಬಿಕೆಯು ಕೇಳದೆ ಇದ್ದರೂ ಬಹಳ ದಿನ ನಿಲ್ಲದು. ಪರದೇಶದಲ್ಲಿರುವವನ ಮನಸ್ಸು ಹೇಗಿರುವದೆಂದು ಐಗುಪ್ತದಲ್ಲಿದ್ದ ಇಸ್ರಾಯೇಲ್ಯರು ಬಲ್ಲವರಾಗಿದ್ದರು. ಅದನ್ನು ಮರೆಯಬಾರದೆಂದು ದೇವರು ಅವರಿಗೆ ಆಜ್ಞಾಪಿಸಿದನು. ನಮ್ಮ ಊರಿಗೆ ಹೊಸಬರಾಗಿ ಬಂದು ನಮ್ಮ ಹಬ್ಬವನ್ನು ದೂರದಿಂದ ನೋಡುತ್ತಾ ನಿಂತವರನ್ನು ಕಂಡಾಗಲೂ ಆ ಆಜ್ಞೆಯು ನಮ್ಮ ಜ್ಞಾಪಕಕ್ಕೆ ಬರಲಿ.